ಐಇಎಲ್‌ಟಿಎಸ್ ಮುಗಿಸಿ ಬಂದವರಿಗೆ ಮತ್ತೆ ಇಂಗ್ಲಿಷ್ ಪಾಠ

ಬ್ರಿಟನ್‌ನಲ್ಲಿ ಜೂನ್ ಬಂತೆಂದರೆ ಇಲ್ಲಿನ ವಿದ್ಯಾರ್ಥಿಗಳು ಹಾಸ್ಟೆಲ್ ಖಾಲಿ ಮಾಡಿ ಮನೆಗೆ ಹೊರಡುತ್ತಾರೆ. ಅದೇ ಹೊತ್ತಿಗೆ ದೊಡ್ಡ ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಇನ್ನೊಂದು ಗುಂಪು ಬಂದಿಳಿಯುತ್ತದೆ. ಚೀನಾದವರೇ ಜಾಸ್ತಿ. ಜೊತೆಗೆ ಸೌದಿ, ಥಾಯ್ಲೆಂಡ್, ಟರ್ಕಿ, ಜಪಾನಿನವರು. ಸೆಪ್ಟೆಂಬರಿನಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಸೇರಬೇಕಾದವರು. ಸೀಟು ಸಿಕ್ಕಿದೆ, ಆದರೆ ಷರತ್ತಿನ ಮೇಲೆ. ಇಂಗ್ಲಿಷ್ ಇನ್ನೂ ಸ್ವಲ್ಪ ಸಾಲದು. ಆ ಸ್ವಲ್ಪವನ್ನು ಬೇಸಿಗೆ ಮುಗಿಯುವುದರೊಳಗೆ ತುಂಬಿಕೊಡುವ ಕೋರ್ಸಿಗೆ ಇಲ್ಲಿ ಪ್ರಿ-ಸೆಷನಲ್ ಎನ್ನುತ್ತಾರೆ.

ನಾನು ಯಾರ್ಕ್‌ಶೈರಿನ ಒಂದು ವಿಶ್ವವಿದ್ಯಾಲಯದಲ್ಲಿ ಈ ಕೋರ್ಸಿಗೆ ಪಾಠ ಮಾಡುತ್ತೇನೆ. ಹಾಸನ ಜಿಲ್ಲೆಯ ಸರ್ಕಾರಿ ಶಾಲೆಯಲ್ಲಿ ಕನ್ನಡ ಮೀಡಿಯಂ ಓದಿದವಳು, ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವಳು. ಇಂಗ್ಲೆಂಡಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ ಅಂದಾಗ ದೊಡ್ಡಮ್ಮ ಕೇಳಿದ್ದು ಒಂದೇ ಮಾತು: "ಅಲ್ಲಿಯವ್ರಿಗೆ ಬರಲ್ವೇನೇ?"

ಇದು ನಡೆಯುವ ಕ್ರಮ ಹೀಗಿದೆ. ಡಿಗ್ರಿ ಮಟ್ಟದ ಓದಿಗೆ ವೀಸಾ ಬೇಕೆಂದರೆ ಯುರೋಪಿನ ಭಾಷಾ ಅಳತೆಯಲ್ಲಿ ಬಿ2, ಅಂದರೆ ಆರು ಮೆಟ್ಟಿಲಿನಲ್ಲಿ ನಾಲ್ಕನೆಯ ಮಟ್ಟದ ಇಂಗ್ಲಿಷ್ ಇರಬೇಕು. ಅದರ ಮೇಲೆ ಒಂದೊಂದು ವಿಭಾಗವೂ ತನ್ನದೇ ಗೆರೆ ಎಳೆಯುತ್ತದೆ. ಎಷ್ಟೋ ಕಡೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ 9ರಲ್ಲಿ 6.5 ಕೇಳುತ್ತಾರೆ, ಕಾನೂನಿಗೆ 7 ಕೇಳುವವರೂ ಇದ್ದಾರೆ. ಅರ್ಧ ಅಂಕ ಕಡಿಮೆ ಬಿದ್ದವರು ಸುಮಾರು ಆರು ವಾರ, ಒಂದು ಅಂಕ ಕಡಿಮೆ ಬಿದ್ದವರು ಹತ್ತು ವಾರ ಅಥವಾ ಇನ್ನೂ ಜಾಸ್ತಿ ನಮ್ಮ ಜೊತೆ ಕೂರಬೇಕು. ಕೊನೆಯಲ್ಲಿ ಪಾಸಾದರೆ ಐಇಎಲ್‌ಟಿಎಸ್ ಮತ್ತೆ ಬರೆಯುವುದು ಬೇಡ, ನೇರ ಕ್ಲಾಸಿಗೆ. ಭಾರತದವರು ಈ ಕ್ಲಾಸಿನಲ್ಲಿ ಕಾಣುವುದು ಅಪರೂಪ. ಹಲವು ವಿಶ್ವವಿದ್ಯಾಲಯಗಳು ನಮ್ಮ ಹನ್ನೆರಡನೇ ತರಗತಿಯ ಇಂಗ್ಲಿಷ್ ಅಂಕವನ್ನೇ ಒಪ್ಪಿಕೊಳ್ಳುತ್ತವೆ. ಅದು ಅವರಿಗೆ ಲಾಭವೋ ನಷ್ಟವೋ, ಆಮೇಲೆ ಹೇಳುತ್ತೇನೆ.

ಕಲಿಸುವವರಲ್ಲಿ ಹೆಚ್ಚಿನವರು ಬೇಸಿಗೆಗೆ ಮಾತ್ರ ಬರುವವರು. ಚಳಿಗಾಲವೆಲ್ಲ ಸ್ಪೇನ್, ಒಮಾನ್, ವಿಯೆಟ್ನಾಂ ಅಂತ ಕೆಲಸ ಮಾಡಿ, ಜೂನಿನಲ್ಲಿ ಇಲ್ಲಿಗೆ ಬಂದು, ಸೆಪ್ಟೆಂಬರಿನಲ್ಲಿ ಹೊರಡುತ್ತಾರೆ. ನಾನೂ ಮೊದಲು ಹಾಗೆಯೇ ಸೇರಿದೆ. ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಮಾಡಿದ್ದರೂ ಸೆಲ್ಟಾ ಎಂಬ ಕೇಂಬ್ರಿಡ್ಜ್ ಸರ್ಟಿಫಿಕೇಟ್ ಬೇಕೇ ಬೇಕಾಯಿತು. 120 ಗಂಟೆಯ ಕೋರ್ಸ್, ಅದರಲ್ಲಿ ಆರು ಗಂಟೆ ನಿಜವಾದ ವಿದ್ಯಾರ್ಥಿಗಳ ಮುಂದೆ ಪಾಠ, ಹಿಂದಿನ ಬೆಂಚಿನಲ್ಲಿ ನೋಟ್ಸ್ ಬರೆಯುತ್ತಾ ಕೂತ ಪರೀಕ್ಷಕರು. ಅಲ್ಲಿ ಒಂದು ದಿನ ಟ್ರೈನರ್ 'ಬ್ಯಾಂಗಲೋರ್ ಪ್ರಾಜೆಕ್ಟ್' ಅಂದಾಗ ಕಿವಿ ನಿಮಿರಿತು. ಇಂಗ್ಲಿಷ್ ಬೋಧನೆಯ ತಜ್ಞ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು ಮುಂತಾದ ಕಡೆಯ ಶಾಲೆಗಳಲ್ಲಿ ನಡೆಸಿದ ಪ್ರಯೋಗ ಅದು. ವ್ಯಾಕರಣದ ಪಟ್ಟಿ ಹಿಡಿಯದೆ, ರೈಲ್ವೆ ಟೈಮ್‌ಟೇಬಲ್, ನಕ್ಷೆ ಇಂಥದ್ದನ್ನು ಕೊಟ್ಟು ಲೆಕ್ಕ ಬಿಡಿಸಲು ಹೇಳುವುದು. ಮಕ್ಕಳ ಗಮನ ಲೆಕ್ಕದ ಮೇಲಿರುತ್ತದೆ, ಭಾಷೆ ಅದರ ಜೊತೆಗೇ ಬರುತ್ತದೆ. ಇವತ್ತು ಜಗತ್ತಿನ ಎಲ್ಲ ಕಡೆ ಟಾಸ್ಕ್ ಹೆಸರಿನಲ್ಲಿ ನಡೆಯುವ ಪಾಠಕ್ಕೆ ಅದೊಂದು ಮುಖ್ಯ ಬೇರು. ನಮ್ಮ ಶಾಲೆಗಳಲ್ಲಿ ಎಷ್ಟು ಉಳಿಯಿತು ಅಂತ ಮಾತ್ರ ಕೇಳಬೇಡಿ.

ಮೊದಲ ವಾರ ಅವರಿಂದ ಒಂದು ಪುಟ ಬರೆಸಿ, ರಾತ್ರಿ ಎಲ್ಲವನ್ನೂ ಓದುತ್ತೇನೆ. ಒಬ್ಬೊಬ್ಬರ ವಿಷಯ ಬೇರೆ, ಪುಟ ಮಾತ್ರ ಒಂದೇ. 'ವಿತ್ ದಿ ರ‍್ಯಾಪಿಡ್ ಡೆವಲಪ್‌ಮೆಂಟ್ ಆಫ್ ಸೊಸೈಟಿ' ಅಂತ ಶುರು. ನಡುವೆ ಎರಡು ಲಾಭ, ಎರಡು ನಷ್ಟ. 'ಎವ್ರಿ ಕಾಯಿನ್ ಹ್ಯಾಸ್ ಟು ಸೈಡ್ಸ್' ಅಂತ ಮುಕ್ತಾಯ. ಕೋಚಿಂಗ್ ಸೆಂಟರಿನಲ್ಲಿ ಅರೆದು ಕುಡಿಸಿದ ಪಾಠ ಇದು. ಐಇಎಲ್‌ಟಿಎಸ್‌ನ ದೊಡ್ಡ ಪ್ರಬಂಧಕ್ಕೆ ಸಿಗುವುದು 40 ನಿಮಿಷ. ಕನಿಷ್ಠ 250 ಪದ ಬರೆಯಬೇಕು. ನಿಮ್ಮ ತಿಳಿವಳಿಕೆ, ಅನುಭವದಿಂದಲೇ ಉದಾಹರಣೆ ಕೊಡಿ ಎಂದು ಪ್ರಶ್ನೆಪತ್ರಿಕೆಯೇ ಹೇಳುತ್ತದೆ. ಅಂದರೆ ಒಂದು ಪುಸ್ತಕವನ್ನೂ ಓದದೆ ಒಳ್ಳೆಯ ಅಂಕ ತೆಗೆಯಬಹುದು. ಸೆಪ್ಟೆಂಬರಿನ ನಂತರ ಬರುವ ಪ್ರಬಂಧ ಮೂರು ಸಾವಿರ ಪದದ್ದು. ಅಲ್ಲಿ ಬೇರೆಯವರ ಸಂಶೋಧನೆಯ ಮಾತಿಲ್ಲದೆ ಒಂದು ಪ್ಯಾರಾ ದಾಟುವ ಹಾಗಿಲ್ಲ. ಇಲ್ಲಿಯ ಮಾಸ್ಟರ್ಸ್ ಒಂದೇ ವರ್ಷದ್ದು, ತಪ್ಪು ಮಾಡಿ ಕಲಿಯುತ್ತೇನೆ ಅನ್ನಲು ಸಮಯವೂ ಇಲ್ಲ. ಹೀಗಾಗಿ ಅವರನ್ನು ಇಲ್ಲಿಯವರೆಗೆ ತಂದ ಪರೀಕ್ಷೆಯ ಅಭ್ಯಾಸವನ್ನು ಬಿಡಿಸುವುದೇ ನನ್ನ ಮೊದಲ ಕೆಲಸ.

ಹತ್ತು ವಾರದಲ್ಲಿ ಯಾರ ಇಂಗ್ಲಿಷೂ ಅಂಥ ಸುಧಾರಿಸುವುದಿಲ್ಲ. ಬ್ರೋಷರ್‌ನಲ್ಲಿ ಏನೇ ಬರೆದಿರಲಿ. 'ದಿ' ಎಲ್ಲಿ ಬರಬೇಕು, ಎಲ್ಲಿ ಬಾರದು ಎನ್ನುವುದು ಚೀನಿಯರಿಗೂ ಕಷ್ಟ, ಥಾಯ್ ಜನರಿಗೂ ಕಷ್ಟ. ಅದನ್ನು ಕೆಂಪು ಪೆನ್ನಿನಲ್ಲಿ ತಿದ್ದುತ್ತಾ ಕೂತರೆ ಬೇಸಿಗೆ ಮುಗಿದುಹೋಗುತ್ತದೆ. ಪ್ರೊಫೆಸರರು ಆ ತಪ್ಪನ್ನು ಕ್ಷಮಿಸುತ್ತಾರೆ. ಅವರು ಕ್ಷಮಿಸದಿರುವುದು ಬೇರೆ. ಈ ಮಾತು ಯಾರದ್ದು, ಇದರಲ್ಲಿ ನಿನ್ನದೆಷ್ಟು, ಇಷ್ಟು ಗಟ್ಟಿಯಾಗಿ ಹೇಳಲು ನಿನ್ನ ಕೈಯಲ್ಲಿ ಏನಿದೆ? ನಾನು ಕಲಿಸುವುದು ಹೆಚ್ಚು ಕಡಿಮೆ ಇಷ್ಟೇ.

ಅದಕ್ಕೆ ಎರಡು ಬಣ್ಣದ ಪೆನ್ನು ಕೊಡುತ್ತೇನೆ. ಬರೆದ ಪುಟದಲ್ಲಿ ಬೇರೆಯವರಿಂದ ಬಂದ ಮಾತಿನ ಕೆಳಗೆ ನೀಲಿ ಗೆರೆ, ಸ್ವಂತ ಮಾತಿನ ಕೆಳಗೆ ಹಸಿರು ಗೆರೆ. ಮೊದಮೊದಲು ಪುಟ ಪೂರ್ತಿ ಹಸಿರು, ಅಂದರೆ ಐಇಎಲ್‌ಟಿಎಸ್. ಲೇಖನಗಳನ್ನು ಓದಿಸಿದ ಮೇಲೆ ಪುಟ ಪೂರ್ತಿ ನೀಲಿ. ಒಬ್ಬರು ಹೀಗೆನ್ನುತ್ತಾರೆ, ಇನ್ನೊಬ್ಬರು ಹಾಗೆನ್ನುತ್ತಾರೆ, ಮೂರನೆಯವರು ಮತ್ತೇನೋ ಅನ್ನುತ್ತಾರೆ. ಥಾಯ್ಲೆಂಡಿನ ಒಬ್ಬ ಫಾರ್ಮಸಿಸ್ಟ್ ಇದ್ದಳು. ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳು. ಆ್ಯಂಟಿಬಯೋಟಿಕ್‌ಗಳ ಬಗ್ಗೆ ಬರೆದ ಅವಳ ಪುಟದಲ್ಲಿ ಹಸಿರು ಒಂದು ಸಾಲೂ ಇರಲಿಲ್ಲ. ನಿನಗೇನನ್ನಿಸುತ್ತದೆ ಅಂದರೆ, "ಟೀಚರ್, ನಾನ್ಯಾರು ಹೇಳೋಕೆ?" ಅಂದಳು. ಈ ಎರಡು ಲೇಖನಗಳಲ್ಲಿ ಯಾವುದು ನಿನ್ನ ಆಸ್ಪತ್ರೆಗೆ ಹೊಂದುತ್ತದೆ ಅಂತ ಕೇಳಿದೆ. ಹತ್ತು ನಿಮಿಷ ನಿಲ್ಲಿಸದೆ ಮಾತಾಡಿದಳು. ಮೊದಲ ಲೇಖನದ ಲೆಕ್ಕವೆಲ್ಲ ದೊಡ್ಡ ಆಸ್ಪತ್ರೆಗಳದ್ದು, ಹಳ್ಳಿಯಲ್ಲಿ ಜನ ಚೀಟಿಯಿಲ್ಲದೆ ಮಾತ್ರೆ ತಗೊಳ್ಳೋದು ಅದರಲ್ಲಿ ಬಂದೇ ಇಲ್ಲ ಅಂತ. ಅದನ್ನೇ ಬರೆ ಅಂದೆ. ಅದು ಬರೆಯುವಂಥ ಮಾತು ಅಂತ ಅವಳಿಗೆ ಅನ್ನಿಸಿರಲೇ ಇಲ್ಲ.

ಅಂದಹಾಗೆ ಇಲ್ಲಿ ಎಲ್ಲರೂ ಮೇಷ್ಟ್ರನ್ನು ಹೆಸರು ಹಿಡಿದೇ ಕರೆಯುತ್ತಾರೆ. ಏಷ್ಯಾದ ಮಕ್ಕಳಿಗೆ ಅದು ಬಾಯಿಗೆ ಬರುವುದಿಲ್ಲ. ಕೊನೆಯ ದಿನದವರೆಗೂ ಟೀಚರ್ ಅಂತಲೇ ಕರೆಯುತ್ತಾರೆ. ನಾನೂ ತಿದ್ದಲು ಹೋಗುವುದಿಲ್ಲ.

ಬೇರೆಯವರ ಮಾತನ್ನು ತಮ್ಮ ಮಾತಿನಲ್ಲಿ ಹೇಳುವುದು ಇದಕ್ಕಿಂತ ದೊಡ್ಡ ತಲೆನೋವು. ಚೀನಾದವರು ಕಾಪಿ ಹೊಡೆಯುತ್ತಾರೆ, ಅದು ಅವರ ಸಂಸ್ಕೃತಿ ಅಂತ ಸ್ಟಾಫ್ ರೂಮಿನಲ್ಲಿ ಯಾರಾದರೂ ಹೇಳುತ್ತಲೇ ಇರುತ್ತಾರೆ. ನನಗೆ ಸಿಟ್ಟು ಬರುತ್ತದೆ. ಪಿಯುಸಿಯಲ್ಲಿ ಗೈಡ್ ಉರು ಹೊಡೆದು ರ‍್ಯಾಂಕ್ ಬಂದವರನ್ನು ನಾನು ನೋಡಿಲ್ಲವೇ? ಪುಸ್ತಕದಲ್ಲಿದ್ದದ್ದನ್ನು ಪುಸ್ತಕದಲ್ಲಿದ್ದ ಹಾಗೇ ಬರೆದರೆ ಅಂಕ ಕೊಡುವ ಪರೀಕ್ಷೆ ಇದ್ದಲ್ಲೆಲ್ಲ ಮಕ್ಕಳು ಹಾಗೇ ಬರೆಯುತ್ತಾರೆ. ಇಲ್ಲಿ ಟರ್ನಿಟಿನ್ ಸಾಫ್ಟ್‌ವೇರ್ ಬೇರೆ ಬರಹಗಳ ಜೊತೆಗಿನ ಹೋಲಿಕೆಯ ಶೇಕಡಾ ತೋರಿಸುತ್ತದೆ. ಅದಕ್ಕೆ ಹೆದರಿದವರು ಡಿಕ್ಷನರಿ ಹಿಡಿದು ಪದಕ್ಕೆ ಪದ ಬದಲಾಯಿಸುತ್ತಾರೆ. ಅದರಿಂದ ಎಂಥ ಅವಾಂತರ ಆಗುತ್ತದೆ ಎನ್ನುವುದಕ್ಕೆ ಫ್ರಾನ್ಸಿನ ಕಂಪ್ಯೂಟರ್ ವಿಜ್ಞಾನಿ ಗಿಯೋಮ್ ಕಬಾನಾಕ್ ಮತ್ತು ಜೊತೆಗಾರರು 2021ರಲ್ಲಿ ಬಯಲಿಗೆಳೆದ ಸಂಗತಿ ನೋಡಿ. ಅಚ್ಚಾದ ಸಂಶೋಧನಾ ಲೇಖನಗಳಲ್ಲೇ ಆರ್ಟಿಫಿಷಿಯಲ್ ಇಂಟೆಲಿಜೆನ್ಸ್ ಹೋಗಿ 'ಕೌಂಟರ್‌ಫೀಟ್ ಕಾನ್ಷಿಯಸ್‌ನೆಸ್', ಅಂದರೆ ಖೋಟಾ ಪ್ರಜ್ಞೆ, ಆಗಿತ್ತು. ಬ್ರೆಸ್ಟ್ ಕ್ಯಾನ್ಸರ್ 'ಬೋಸಮ್ ಪೆರಿಲ್', ಅಂದರೆ ಎದೆಯ ಅಪಾಯ, ಆಗಿತ್ತು. ಇದನ್ನು ಕ್ಲಾಸಿನಲ್ಲಿ ತೋರಿಸಿದರೆ ಎಲ್ಲರೂ ನಗುತ್ತಾರೆ. ಆಮೇಲೆ ತಮ್ಮ ಡ್ರಾಫ್ಟನ್ನು ಮೆಲ್ಲಗೆ ಮುಚ್ಚಿಡುತ್ತಾರೆ.

ನಾನು ಮಾಡಿಸುವುದು ಇದು. ಪ್ಯಾರಾ ಓದಿ, ಹಾಳೆ ಕವುಚಿಡಿ. ಪಕ್ಕದವರಿಗೆ ಅದನ್ನು ಬಾಯಲ್ಲಿ ಹೇಳಿ. ಯಾವ ಭಾಷೆಯಲ್ಲಾದರೂ ಸರಿ. ಚೀನೀ ಹುಡುಗಿ ಚೀನೀ ಹುಡುಗನಿಗೆ ಚೀನಿಯಲ್ಲೇ ಹೇಳಲಿ. ಕೇಳಿಸಿಕೊಂಡವರು ಒಂದು ಪ್ರಶ್ನೆ ಹಾಕಬೇಕು. ಅದಾದ ಮೇಲೆ, ಹಾಳೆ ತೆರೆಯದೆ, ಇಂಗ್ಲಿಷಿನಲ್ಲಿ ಬರೆಯಿರಿ. ಇಂಗ್ಲಿಷ್ ಕ್ಲಾಸಿನಲ್ಲಿ ಇಂಗ್ಲಿಷ್ ಒಂದೇ ಇರಬೇಕು ಎನ್ನುವ ಸಹೋದ್ಯೋಗಿಗಳು ಇದಕ್ಕೆ ಮುಖ ಸಿಂಡರಿಸುತ್ತಾರೆ. ಅರ್ಥವೇ ಆಗದ ಪ್ಯಾರಾವನ್ನು ಯಾವ ಭಾಷೆಯಲ್ಲೂ ಹೇಳಲಾಗುವುದಿಲ್ಲ. ಯಾರು ಅಲ್ಲಿ ತಡವರಿಸುತ್ತಾರೋ ಅವರಿಗೆ ಬೇಕಾದ್ದು ಇಂಗ್ಲಿಷ್ ಅಲ್ಲ, ಆ ಲೇಖನವನ್ನು ಇನ್ನೊಮ್ಮೆ ಓದುವುದು. ಅದು ನನಗೂ ಅವರಿಗೂ ಆಗಲೇ ಗೊತ್ತಾಗಿಬಿಡುತ್ತದೆ.

ಪೀಠಿಕೆ ಬರೆಯುವುದು ಕಲಿಸುವಾಗ ಜಾನ್ ಸ್ವೇಲ್ಸ್ ನೆರವಿಗೆ ಬರುತ್ತಾರೆ. ಸುಡಾನಿನ ಖಾರ್ಟೂಮಿನಲ್ಲಿ ಪಾಠ ಮಾಡಿ ಬಂದ ಇಂಗ್ಲಿಷ್ ಮೇಷ್ಟ್ರು. 1981ರಲ್ಲಿ ಅವರು 48 ಸಂಶೋಧನಾ ಲೇಖನಗಳ ಪೀಠಿಕೆಗಳನ್ನು ಬಿಡಿಸಿ ನೋಡಿದರು. ಅದನ್ನೇ 1990ರಲ್ಲಿ ಮೂರು ಹೆಜ್ಜೆಗೆ ಇಳಿಸಿದರು. ಮೊದಲು ಈ ವಿಷಯ ಯಾಕೆ ಮುಖ್ಯ, ಇಲ್ಲಿ ಯಾರ್ಯಾರು ಕೆಲಸ ಮಾಡಿದ್ದಾರೆ ಎಂದು ತೋರಿಸುವುದು. ಆಮೇಲೆ ಎಲ್ಲಿ ಕೊರತೆ ಇದೆ ಎನ್ನುವುದು. ಕೊನೆಗೆ ಆ ಕೊರತೆಯನ್ನು ನಾನು ತುಂಬುತ್ತೇನೆ ಎನ್ನುವುದು. ಬೆಂಗಳೂರಿನವರಿಗೆ ಇದನ್ನು ಹೇಳುವುದು ಸುಲಭ. ಲೇಔಟ್ ತೋರಿಸು, ಖಾಲಿ ಸೈಟು ತೋರಿಸು, ನಿನ್ನ ಪಾಯ ಹಾಕು. ನನ್ನ ವಿದ್ಯಾರ್ಥಿಗಳು ಲೇಔಟಿನ ವರ್ಣನೆಯಲ್ಲೇ ಎರಡು ಪುಟ ಕಳೆಯುತ್ತಾರೆ. ಎರಡನೇ ಹೆಜ್ಜೆ ಮಾತ್ರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಹಿರಿಯರು ಬರೆದದ್ದರಲ್ಲಿ ಕೊರತೆ ಇದೆ ಅಂತ ಬಾಯಿಬಿಟ್ಟು ಹೇಳುವುದು ಹೇಗೆ?

ಅವರವರ ವಿಷಯದ ಮೂರು ಲೇಖನ ತರಿಸಿ ಅವರಿಂದಲೇ ಹುಡುಕಿಸುವುದು ಇದಕ್ಕೆ ಒಳ್ಳೆಯ ಮದ್ದು. ಕೊರತೆಯ ಮಾತು ಎಲ್ಲಿ ಬರುತ್ತದೆ? 'ಹೌಎವರ್' ಎನ್ನುವ ಪದದ ಅಕ್ಕಪಕ್ಕ ನೋಡಿ. ಬರೆದವರು 'ಐ' ಅಥವಾ 'ವಿ' ಅಂತ ಎಷ್ಟು ಸಲ ಬಳಸಿದ್ದಾರೆ, ಎಣಿಸಿ. 'ಪ್ರೂವ್' ಅಂತ ಬರೆದಿದ್ದಾರೋ, 'ಸಜೆಸ್ಟ್' ಅಂತಲೋ? ಸೌದಿಯ ಸಿವಿಲ್ ಎಂಜಿನಿಯರ್ ಒಬ್ಬ ಕಾಂಕ್ರೀಟ್ ಬಗೆಗಿನ ಲೇಖನ ತಂದ. ಚೆಂಗ್ಡುವಿನ ಹುಡುಗಿ ಶಿಕ್ಷಣಶಾಸ್ತ್ರದ್ದು ತಂದಳು. ಅವನ ಲೇಖನಗಳಲ್ಲಿ 'ಐ' ಒಂದೂ ಇರಲಿಲ್ಲ. ಅವಳ ಒಂದು ಲೇಖನ 'ಐ'ನಿಂದಲೇ ಶುರುವಾಗಿತ್ತು. "ಹಾಗಾದರೆ 'ಐ' ಬರೆಯಬಾರದು ಅಂತ ನಮ್ಮ ಮೇಷ್ಟ್ರು ಹೇಳಿದ್ದು ಸುಳ್ಳಾ?" ಅಂತ ಅವಳು ಕೇಳಿದಳು. ಎಂಜಿನಿಯರನೇ ಉತ್ತರ ಕೊಟ್ಟ: ನಿನ್ನ ಮೇಷ್ಟ್ರು ಎಂಜಿನಿಯರ್ ಇರಬೇಕು. ಈ ಹುಡುಕಾಟ ಒಮ್ಮೆ ರುಚಿ ಹತ್ತಿತೆಂದರೆ ಮುಂದೆ ನಾನು ಬೇಕಾಗಿಲ್ಲ.

ಪದಗಳಿಗೂ ಇದೇ ದಾರಿ. ನ್ಯೂಜಿಲೆಂಡಿನ ಭಾಷಾ ಸಂಶೋಧಕಿ ಏವ್ರಿಲ್ ಕಾಕ್ಸ್‌ಹೆಡ್ 2000ದಲ್ಲಿ 570 ಪದಕುಟುಂಬಗಳ, ಅಂದರೆ ಒಂದೇ ಮೂಲದಿಂದ ಬಂದ ಪದಗಳ ಗುಂಪುಗಳ, ಒಂದು ಪಟ್ಟಿ ಕೊಟ್ಟರು. ಯಾವ ವಿಷಯದ ಸಂಶೋಧನಾ ಲೇಖನವಾದರೂ ಅದರ ಪದಗಳಲ್ಲಿ ಸುಮಾರು ಹತ್ತನೇ ಒಂದು ಭಾಗ ಈ ಪಟ್ಟಿಯಿಂದಲೇ ಬಂದಿರುತ್ತದೆ. ಒಳ್ಳೆಯ ಪಟ್ಟಿ. ಆದರೆ ಅದನ್ನು ಗೋಡೆಗೆ ಅಂಟಿಸಿ ಉರು ಹೊಡೆಯುವವರನ್ನು ಕಂಡರೆ ನನಗೆ ಭಯ. ಮಾರನೇ ದಿನ ಹೊಂದದ ಜಾಗದಲ್ಲೆಲ್ಲ ಅವು ಬಂದು ಕೂತಿರುತ್ತವೆ.

ಬರವಣಿಗೆಗಿಂತ ಮಾತಿನ ಕ್ಲಾಸು ಕಷ್ಟ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನಗೆ ಹಾಗನ್ನಿಸಿಲ್ಲ. ಸೆಮಿನಾರಿನಲ್ಲಿ ಚೀನಾ, ಜಪಾನ್, ಥಾಯ್ಲೆಂಡ್ ಕಡೆಯವರು ಸುಮ್ನೆ ಕೂರುತ್ತಾರೆ ಎನ್ನುವುದು ನಿಜ. ಆದರೆ ಅದು ಬಾಯಿ ಇಲ್ಲದೆ ಅಲ್ಲ. ವಾಕ್ಯ ಮನಸ್ಸಿನಲ್ಲಿ ಪೂರ್ತಿ ಜೋಡಿಸಿಕೊಳ್ಳುವಷ್ಟರಲ್ಲಿ ಟರ್ಕಿಯವನು ಅಥವಾ ಸೌದಿಯವನು ಎರಡು ಸಲ ಮಾತಾಡಿ ಮುಗಿಸಿರುತ್ತಾನೆ. ಅದಕ್ಕೇ ನಮ್ಮ ಕ್ಲಾಸಿನಲ್ಲಿ ಒಂದು ನಿಯಮ. ಮಾತಾಡುವ ಮುಂಚೆ, ಹಿಂದೆ ಮಾತಾಡಿದವರು ಏನು ಹೇಳಿದರು ಎಂದು ಒಂದು ವಾಕ್ಯದಲ್ಲಿ ಹೇಳಬೇಕು, ಅವರು ಹೂಂ ಅನ್ನಬೇಕು. ಬಾಯಿ ಜೋರು ಇರುವವರ ವೇಗ ತಾನಾಗೇ ಇಳಿಯುತ್ತದೆ, ಉಳಿದವರಿಗೆ ಯೋಚಿಸಲು ಎರಡು ಕ್ಷಣ ಸಿಗುತ್ತದೆ. ಕ್ಲಾಸಿನ ಹೊರಗಿನ ಇಂಗ್ಲಿಷಿಗೆ ಮಾತ್ರ ನನ್ನ ಹತ್ತಿರ ಮದ್ದಿಲ್ಲ. ಕ್ಯಾಸೆಟ್ಟಿನ ನಯವಾದ ಇಂಗ್ಲಿಷ್ ಕೇಳಿ ಬಂದವರಿಗೆ ಯಾರ್ಕ್‌ಶೈರಿನ ಬಸ್ಸಿನ ಡ್ರೈವರಮ್ಮ ಎಲ್ಲರಿಗೂ ಅನ್ನುವ ಹಾಗೆ "ಯು ಆಲ್ರೈಟ್, ಲವ್?" ಅಂದರೆ ಹೇಗಾಗಬೇಡ? ನಮ್ಮ ಎಂಜಿನಿಯರ್ ಗಾಬರಿಯಾಗಿ ಅವತ್ತು ಮುಂದಿನ ಸ್ಟಾಪಿನಲ್ಲೇ ಇಳಿದುಬಿಟ್ಟನಂತೆ.

2020ರ ಬೇಸಿಗೆಯಲ್ಲಿ ಇದೆಲ್ಲ ಲ್ಯಾಪ್‌ಟಾಪಿನೊಳಗೆ ನಡೆಯಿತು. ಇಲ್ಲಿ ಬೆಳಿಗ್ಗೆ ಒಂಬತ್ತು ಅಂದರೆ ಚೀನಾದಲ್ಲಿ ಸಂಜೆ ನಾಲ್ಕು. ಕ್ಯಾಮೆರಾ ಆಫ್, ಮೈಕ್ ಆಫ್, ಕಪ್ಪು ಚೌಕಗಳಿಗೆ ಪಾಠ. ಅದರ ಬಗ್ಗೆ ಜಾಸ್ತಿ ಹೇಳುವಂಥದ್ದೇನೂ ಇಲ್ಲ.

ಅದಕ್ಕಿಂತ ದೊಡ್ಡ ಬದಲಾವಣೆ 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಆಯಿತು. ಮುಂದಿನ ಬೇಸಿಗೆಗೆ ಡ್ರಾಫ್ಟ್‌ಗಳಲ್ಲಿ 'ದಿ' ಎಲ್ಲ ಸರಿಯಾದ ಜಾಗದಲ್ಲಿತ್ತು. ವ್ಯಾಕರಣ ಇಸ್ತ್ರಿ ಹಾಕಿದ ಹಾಗೆ ನೀಟು. ಓದಿ ಮುಗಿಸಿದರೆ ಏನು ಹೇಳಿದರು ಅಂತ ನೆನಪಿರುತ್ತಿರಲಿಲ್ಲ. ಸಹೋದ್ಯೋಗಿಗಳು ಪತ್ತೆದಾರಿಕೆಗೆ ಇಳಿದರು. ನನಗೆ ಅದರಲ್ಲಿ ಆಸಕ್ತಿ ಇಲ್ಲ. ಪತ್ತೆಹಚ್ಚುವ ಸಾಫ್ಟ್‌ವೇರಿನ ಮೇಲೆ ನಂಬಿಕೆಯೂ ಇಲ್ಲ. ಸ್ವಂತವಾಗಿ ಕಷ್ಟಪಟ್ಟು ಬರೆದವರನ್ನೂ ಅದು ಕಳ್ಳರು ಅನ್ನಬಹುದು. ಅದರ ಬದಲು ಡ್ರಾಫ್ಟ್ ಕೊಟ್ಟ ಪ್ರತಿಯೊಬ್ಬರನ್ನೂ ಎದುರು ಕೂರಿಸಿಕೊಂಡು ಕೇಳುತ್ತೇನೆ. ಈ ಲೇಖನವನ್ನೇ ಯಾಕೆ ಆರಿಸಿದೆ? ಇದನ್ನು ಒಪ್ಪದವರು ಯಾರಿದ್ದಾರೆ? ಈ ವಾಕ್ಯ ತೆಗೆದರೆ ನಿನ್ನ ವಾದಕ್ಕೆ ಏನಾಗುತ್ತದೆ? ಓದಿದವರು ಮುರುಕು ಇಂಗ್ಲಿಷಿನಲ್ಲಾದರೂ ಜಗಳಕ್ಕೆ ನಿಲ್ಲುತ್ತಾರೆ. ಓದದವರು ನಗುತ್ತಾರೆ.

ಆಗಸ್ಟ್ ಕೊನೆಯಲ್ಲಿ ಎಲ್ಲರ ಮುಖ ಸಣ್ಣಗಾಗುತ್ತದೆ. ಪ್ರಾಜೆಕ್ಟ್ ಪ್ರಬಂಧ, ಪ್ರೆಸೆಂಟೇಶನ್, ಸೆಮಿನಾರ್, ಲೆಕ್ಚರ್ ಕೇಳಿ ಉತ್ತರಿಸುವುದು. ಅಂಕ ಕೊಡುವ ಮುಂಚೆ ಮೇಷ್ಟ್ರುಗಳಿಗೇ ಒಂದು ಪರೀಕ್ಷೆ ಇರುತ್ತದೆ. ಒಂದೇ ಉತ್ತರವನ್ನು ಎಲ್ಲರೂ ಬೇರೆ ಬೇರೆ ಕೂತು ತಿದ್ದಿ, ಆಮೇಲೆ ಸೇರಿ ಜಗಳ ಆಡುವುದು. ಒಬ್ಬರ 58 ಇನ್ನೊಬ್ಬರ 64. ಯಾಕೆ ಎಂದು ಬಾಯಿಬಿಟ್ಟು ಹೇಳಬೇಕು. ಆ ಮಧ್ಯಾಹ್ನಗಳಲ್ಲಿ ನಾನು ಕಲಿತಷ್ಟು ಯಾವ ಟ್ರೈನಿಂಗಿನಲ್ಲೂ ಕಲಿತಿಲ್ಲ. ಇಲ್ಲಿ ಮಾಸ್ಟರ್ಸ್‌ಗೆ 50 ಅಂದರೆ ಪಾಸ್, 60 ಅಂದರೆ ಒಳ್ಳೆಯದು, 70 ದಾಟಿದರೆ ಡಿಸ್ಟಿಂಕ್ಷನ್. ಊರಲ್ಲಿ 90 ತೆಗೆಯುತ್ತಿದ್ದವರು ತಮ್ಮ 62 ನೋಡಿ ಅತ್ತೇ ಬಿಡುತ್ತಾರೆ. ಅಪ್ಪ ಅಮ್ಮನಿಗೆ ಫೋನಿನಲ್ಲಿ ಹೇಗೆ ವಿವರಿಸಬೇಕು ಎನ್ನುವುದೂ ಟ್ಯುಟೋರಿಯಲ್‌ನಲ್ಲಿ ಬರುವ ಪ್ರಶ್ನೆ.

ಹೆಚ್ಚಿನವರು ಪಾಸಾಗುತ್ತಾರೆ. ಆಗದವರೂ ಇರುತ್ತಾರೆ, ಅವರಿಗೆ ಸೀಟು ಇಲ್ಲ. ಲಕ್ಷಗಟ್ಟಲೆ ಖರ್ಚು ಮಾಡಿ ಬಂದು ಸೆಪ್ಟೆಂಬರಿನಲ್ಲಿ ವಾಪಸ್ ಟಿಕೆಟ್. ಹೊರದೇಶದವರ ಫೀಸಿನ ಮೇಲೆ ಇಲ್ಲಿಯ ಎಷ್ಟೋ ವಿಶ್ವವಿದ್ಯಾಲಯಗಳ ಲೆಕ್ಕಪತ್ರ ನಿಂತಿದೆ. ಹಾಗಾಗಿ ಬಾಗಿಲಲ್ಲಿ ಗೆರೆ ತಗ್ಗಿಸಿ ಒಳಗೆ ಬಿಟ್ಟುಕೊಂಡು, ಉಳಿದದ್ದನ್ನು ಬೇಸಿಗೆಯ ಗುತ್ತಿಗೆ ಮೇಷ್ಟ್ರುಗಳ ತಲೆಗೆ ಕಟ್ಟುವುದು ಸುಲಭ. ಇದನ್ನು ನಾನು ಮೀಟಿಂಗಿನಲ್ಲೂ ಹೇಳಿದ್ದೇನೆ. ಮಿನಿಟ್ಸ್‌ನಲ್ಲಿ ಬರೆದುಕೊಂಡರು.

ಭಾರತದವರ ಮಾತು ಬಾಕಿ ಇತ್ತು. ಅವರು ನನ್ನ ಹತ್ತಿರ ಬರುವುದು ನವೆಂಬರಿನಲ್ಲಿ, ಮೊದಲ ಅಸೈನ್‌ಮೆಂಟಿನ ಅಂಕ ಕೈಗೆ ಬಂದ ಮೇಲೆ. ವರ್ಷವಿಡೀ ಬುಧವಾರ ಮಧ್ಯಾಹ್ನ ಯಾರು ಬೇಕಾದರೂ ಬರಬಹುದಾದ ಒಂದು ಕ್ಲಾಸು ನಡೆಸುತ್ತೇನೆ. ಪ್ರಿ-ಸೆಷನಲ್ ಮುಗಿಸಿದ ಚೀನಾದ ಮಕ್ಕಳಿಗೆ ಅಷ್ಟು ಹೊತ್ತಿಗೆ ದಾರಿ ಗೊತ್ತಿರುತ್ತದೆ. ಮಾತಿನಲ್ಲಿ ಅವರಿಗಿಂತ ಎಷ್ಟೋ ಮುಂದಿರುವ ನಮ್ಮವರು 'ಟೂ ಡಿಸ್ಕ್ರಿಪ್ಟಿವ್', ಅಂದರೆ ವಾದವಿಲ್ಲ, ಬರೀ ವರ್ಣನೆ, ಎಂದು ಬರೆಸಿಕೊಂಡು 52ರ ಹಾಳೆ ಹಿಡಿದು ಬರುತ್ತಾರೆ. ಹೋದ ವರ್ಷ ದಾವಣಗೆರೆಯ ಹುಡುಗನೊಬ್ಬ ಬಂದ. ನನ್ನ ಹೆಸರು ನೋಡಿ ಕನ್ನಡದಲ್ಲೇ ಶುರುಮಾಡಿದ.

"ಮೇಡಂ, ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಇಂಗ್ಲಿಷ್ ಕ್ಲಾಸಿಗೆ ಹೋಗಿ ಅಂತ ಕಳಿಸಿದ್ದಾರೆ."

ಪ್ರಬಂಧ ಸಪ್ಲೈ ಚೈನ್ ಬಗ್ಗೆ ಇತ್ತು. ಹೆನ್ರಿ ಫೋರ್ಡ್ 1913ರಲ್ಲಿ ಅಸೆಂಬ್ಲಿ ಲೈನ್ ಶುರುಮಾಡಿದ ಕಥೆಯಿಂದ ಆರಂಭ. ಆಮೇಲೆ ಸಪ್ಲೈ ಚೈನ್ ಅಂದರೇನು, ಅದರ ವಿಧಗಳು, ಅದರ ಉಪಯೋಗಗಳು. ಇಂಗ್ಲಿಷಿನಲ್ಲಿ ಒಂದು ತಪ್ಪಿಲ್ಲ. ಮೂರನೇ ಪುಟದ ಮಧ್ಯದಲ್ಲಿ ಮಾತ್ರ ಒಂದು ವಾಕ್ಯ ಸಿಕ್ಕಿತು. ಚಿಕ್ಕ ಕಾರ್ಖಾನೆಗಳಿಗೆ ಒಬ್ಬರೇ ಸಪ್ಲೈಯರ್ ಇರುವುದು ಅಪಾಯ ಎನ್ನುತ್ತಾರೆ, ಆದರೆ ಇಬ್ಬರನ್ನು ಸಾಕುವ ಶಕ್ತಿ ಅವುಗಳಿಗೆ ಇರುವುದಿಲ್ಲ ಅಂತ.

"ಇದು ಯಾವ ಪುಸ್ತಕದ್ದು?"

"ಪುಸ್ತಕದ್ದಲ್ಲ ಮೇಡಂ. ನಮ್ಮಪ್ಪಂದು ಸಣ್ಣ ಫ್ಯಾಕ್ಟರಿ ಇದೆ."

ಹಿಂದಿನ ಎರಡೂವರೆ ಪುಟ ತೆಗೆದು ಈ ವಾಕ್ಯದಿಂದ ಶುರುಮಾಡಿ, ಇದನ್ನು ಒಪ್ಪುವ ಒಂದು ಲೇಖನ, ಒಪ್ಪದ ಒಂದು ಲೇಖನ ಹುಡುಕಿಕೊಂಡು ಬುಧವಾರ ಬನ್ನಿ ಅಂದೆ. ಎರಡೂವರೆ ಪುಟ ಅಂದಾಗ ಅವನ ಮುಖ ನೋಡಬೇಕಿತ್ತು. ಬುಧವಾರ ಬಂದ, ಜೊತೆಗೆ ರೂಮಿನ ಇಬ್ಬರು ತೆಲುಗು ಹುಡುಗರನ್ನೂ ಕರೆತಂದಿದ್ದ. ಅವರ ಪ್ರಬಂಧವೂ ಹೆನ್ರಿ ಫೋರ್ಡ್‌ನಿಂದಲೇ ಶುರುವಾಗಿತ್ತು.